ವಾಲ್‌ಬ್ರೋ 255 ಫ್ಯೂಯೆಲ್ ಪಂಪ್: ಹಲವು ವರ್ಷಗಳ ಬಳಕೆಯ ನಂತರ

ನನ್ನ ಹಳೆಯ 1.5 ಲೀಟರಿನ ಜಪಾನಿ ಸೆಡಾನಿಗೆ ಟರ್ಬೊ ಕೂರಿಸಿದ ಮೇಲೆ, ಕಾರಿನೊಂದಿಗೆ ಬಂದಿದ್ದ ಪಂಪು ಮೇಲಿನ ಆರ್‌ಪಿಎಂನಲ್ಲಿ ಬೇಕಾದಷ್ಟು ಪೆಟ್ರೋಲ್ ಒದಗಿಸಲಾರದಾಯಿತು. ಆಗ ಟ್ಯಾಂಕಿನೊಳಗೆ ಕೂರುವ ವಾಲ್‌ಬ್ರೋ 255 ಪಂಪನ್ನು ಹಾಕಿಸಿದೆ. ಅಂದಿನಿಂದ ಇಂದಿನವರೆಗೆ ಅದು ಒಮ್ಮೆಯೂ ಕೈಕೊಟ್ಟಿಲ್ಲ. ಹಿಂದಿನ ಸೀಟಿನ ಕೆಳಗಿನಿಂದ ಬರುವ ಸಣ್ಣ ಗುಂಯ್‌ಗುಡುವಿಕೆಯನ್ನು ಬಿಟ್ಟರೆ ದೂರಲು ಏನೂ ಇಲ್ಲ. ಆದರೂ ಇದನ್ನು ಕೊಳ್ಳಲು ಹೊರಟವರು ಮೊದಲು ತಿಳಿದಿರಬೇಕಾದ ಒಂದು ವಿಷಯವಿದೆ. ಈ ಪಂಪು ಕೂತ ದಿನವೇ ಫ್ಯೂಯೆಲ್ ರೈಲಿನ, ಅಂದರೆ ಎಂಜಿನಿಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಯ, ಒತ್ತಡ ಮಿತಿಮೀರಿ ಏರಬಹುದು, ಮತ್ತು ಅದಕ್ಕೆ ಪಂಪಿನ ದೋಷ ಕಾರಣವಾಗಿರಬೇಕೆಂದಿಲ್ಲ.

ನನ್ನ ಕಾರಿನಲ್ಲಿ ಲಕ್ಷಣಗಳು ಸ್ಪಷ್ಟವಾಗಿದ್ದವು. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಓಡುತ್ತಿರುವಾಗ, ಎಂಜಿನ್ ಏರಿಳಿಯುತ್ತಿತ್ತು, ಸೈಲೆನ್ಸರಿನಿಂದ ಹಸಿ ಪೆಟ್ರೋಲಿನ ವಾಸನೆ ಬರುತ್ತಿತ್ತು, ಬಿಚ್ಚಿ ನೋಡಿದ ಸ್ಪಾರ್ಕ್ ಪ್ಲಗ್‌ಗಳ ತುದಿಯಲ್ಲಿ ಒಣ ಮಸಿ ಕೂತಿತ್ತು. ಎಂಜಿನನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯು ತನ್ನ ಕೈಲಾದಷ್ಟು ಇಂಧನ ಕಡಿತ ಮಾಡಿದರೂ ಗಾಳಿ-ಇಂಧನದ ಅನುಪಾತ ಸರಿಯಾದ 14.7ರ ಹತ್ತಿರ ಬಾರದೆ 13ರ ಕೆಳಗೇ, ಅಂದರೆ ಪೆಟ್ರೋಲ್ ಹೆಚ್ಚಾಗಿಯೇ, ನಿಲ್ಲುತ್ತಿತ್ತು. ರೈಲಿಗೆ ಒತ್ತಡ ಅಳೆಯುವ ಗೇಜ್ ಹಾಕಿದಾಗ ಐಡಲ್‌ನಲ್ಲಿ 4.6 ಬಾರ್ ತೋರಿಸಿತು. ಅಲ್ಲಿ ಇರಬೇಕಾದದ್ದು 2.4ರ ಆಸುಪಾಸು. ಆಕ್ಸಿಲರೇಟರ್ ಒತ್ತಿ ಎಂಜಿನ್ ಮೇಲೆ ಹೊರೆ ಹಾಕಿದಂತೆ ಈ ವ್ಯತ್ಯಾಸ ಕಡಿಮೆಯಾಗುತ್ತಾ ಬರುತ್ತಿದ್ದುದು ಮೊದಲ ಸುಳಿವು.

ಪಂಪು ಹುಟ್ಟಿಸುವುದು ಹರಿವನ್ನು. ಒತ್ತಡ ಹುಟ್ಟುವುದು ಆ ಹರಿವಿಗೆ ಎದುರಾಗುವ ತಡೆಯಿಂದ. ಐಡಲ್‌ನಲ್ಲಿ ಇಷ್ಟು ಗಾತ್ರದ ಎಂಜಿನ್ ಗಂಟೆಗೆ ಹೆಚ್ಚೆಂದರೆ ಒಂದು ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಪಂಪು ಗಂಟೆಗೆ 255 ಲೀಟರ್ ತಳ್ಳುತ್ತಿದ್ದರೆ ಉಳಿದದ್ದಷ್ಟೂ ಒತ್ತಡವನ್ನು ಹಿಡಿತದಲ್ಲಿಡುವ ರೆಗ್ಯುಲೇಟರಿನ ಸಣ್ಣ ಕಿಂಡಿಯಲ್ಲಿ ನುಸುಳಿ, ಸಪೂರ ರಿಟರ್ನ್ ಪೈಪಿನಲ್ಲಿ ಹರಿದು ಟ್ಯಾಂಕಿಗೆ ಮರಳಬೇಕು. ಅಂದರೆ ನಿಮಿಷಕ್ಕೆ ನಾಲ್ಕು ಲೀಟರಿಗೂ ಮಿಕ್ಕಿ. ಮೂಲ ಪಂಪಿನ ಹರಿವಿಗೆ ತಕ್ಕಂತೆ ಮಾಡಿದ ಭಾಗಗಳಿಗೆ ಇದು ಸಾಧ್ಯವಾಗದಿದ್ದಾಗ ಒತ್ತಡ ರೈಲಿನಲ್ಲೇ ಏರುತ್ತದೆ. ಇಂಜೆಕ್ಟರಿನ ಹರಿವು ಒತ್ತಡದ ವರ್ಗಮೂಲವನ್ನು ಅನುಸರಿಸುವುದರಿಂದ, ಇಂಜೆಕ್ಟರಿನ ಎರಡೂ ತುದಿಗಳ ನಡುವಿನ ವ್ಯತ್ಯಾಸ (ಗೇಜಿನ ಅಂಕಿಗೆ ಐಡಲ್‌ನಲ್ಲಿ ಎಂಜಿನಿನ ಸೆಳೆತದ ಸುಮಾರು 0.6 ಬಾರ್ ಸೇರಿಸಿದ್ದು) 3 ಬಾರ್ ಇರಬೇಕಾದಲ್ಲಿ 5.2 ಇದ್ದರೆ, ಪ್ರತಿ ಸಿಡಿತದಲ್ಲೂ ಸುಮಾರು 30 ಶೇಕಡಾ ಹೆಚ್ಚು ಪೆಟ್ರೋಲ್ ಒಳಗೆ ಹೋಗುತ್ತದೆ.

ಪರೀಕ್ಷೆಯ ಕ್ರಮ ಮುಖ್ಯ. ಮೊದಲು ಎಂಜಿನಿನ ಸೆಳೆತವನ್ನು ರೆಗ್ಯುಲೇಟರಿಗೆ ತಲುಪಿಸುವ ವ್ಯಾಕ್ಯೂಮ್ ಹೋಸನ್ನು ಕಳಚಿ ಮೂಗಿನ ಹತ್ತಿರ ಹಿಡಿಯಬೇಕು. ಅದರಲ್ಲಿ ಪೆಟ್ರೋಲ್ ಇದ್ದರೆ ರೆಗ್ಯುಲೇಟರಿನ ಒಳಗಿನ ತೆಳು ಪೊರೆ, ಅಂದರೆ ಡಯಾಫ್ರಮ್, ಹರಿದಿದೆ ಎಂದರ್ಥ; ನನ್ನದು ಒಣಗಿತ್ತು. ಸರಿಯಾಗಿ ಕೆಲಸ ಮಾಡುವ ರೆಗ್ಯುಲೇಟರಿನಲ್ಲಿ ಈ ಹೋಸ್ ಕಳಚಿದ ಕೂಡಲೇ ಒತ್ತಡ ಅರ್ಧ ಬಾರಿನಷ್ಟು ಮೇಲೇರಬೇಕು. ನನ್ನ ಗೇಜಿನ ಮುಳ್ಳು ಅಲುಗಿದ್ದು ಒಂದು ಕೂದಲೆಳೆಯಷ್ಟು ಮಾತ್ರ. ಅಂದರೆ ಒತ್ತಡದ ನಿಯಂತ್ರಣ ರೆಗ್ಯುಲೇಟರಿನ ಕೈಯಲ್ಲಿ ಉಳಿದಿರಲಿಲ್ಲ. ಎರಡನೆಯ ಪರೀಕ್ಷೆ ರಿಟರ್ನ್ ಲೈನಿನದು. ಎಂಜಿನ್ ತಣ್ಣಗಿರುವಾಗ, ಬಯಲಿನಲ್ಲಿ, ಅಗ್ನಿಶಾಮಕವನ್ನು ಪಕ್ಕದಲ್ಲೇ ಇಟ್ಟುಕೊಂಡು, ರೆಗ್ಯುಲೇಟರಿನಿಂದ ಹೊರಡುವ ಪೈಪನ್ನು ಕಳಚಿ ಅಗಲವಾದ ಹೋಸಿನ ಮೂಲಕ ಪೆಟ್ರೋಲ್ ಕ್ಯಾನಿಗೆ ಬಿಟ್ಟು, ಎಂಜಿನ್ ಶುರುಮಾಡದೆ ಪಂಪನ್ನು ಮಾತ್ರ ಕೆಲವು ಸೆಕೆಂಡು ಓಡಿಸಬೇಕು. ಕ್ಯಾನು ತುಂಬುವ ವೇಗ ಕಂಡು ಜೊತೆಗಿದ್ದ ಮೆಕ್ಯಾನಿಕ್ ಕೂಡ ಬೆರಗಾದರು. ರಿಟರ್ನ್ ಪೈಪು ಜೋಡಿಸಿದ್ದಾಗ 4.4 ಬಾರ್ ಇದ್ದ ಒತ್ತಡ, ಅದನ್ನು ಕಳಚಿದಾಗ 3.4ಕ್ಕೆ ಇಳಿಯಿತು. ಒಂದು ಬಾರಿನಷ್ಟು ತಪ್ಪು ಹಿಂದಿರುಗುವ ಪೈಪಿನದು, ಉಳಿದದ್ದು ರೆಗ್ಯುಲೇಟರಿನದು ಎಂದು ಅಲ್ಲೇ ಗೊತ್ತಾಯಿತು. ಬರೀ ರೆಗ್ಯುಲೇಟರ್ ಬದಲಿಸಿದ್ದರೆ ಹಣವೂ ಹೋಗಿ ತೊಂದರೆಯೂ ಉಳಿಯುತ್ತಿತ್ತು.

ಇಸಿಯುವಿನ ಟ್ಯೂನಿಂಗ್‌ನಲ್ಲೇ ಇಂಧನವನ್ನು ಕಡಿತಗೊಳಿಸಿ ಸರಿದೂಗಿಸೋಣ ಎಂಬ ಸಲಹೆಯೂ ಬಂದಿತ್ತು. ಅದನ್ನು ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ನಿಯಂತ್ರಣ ತಪ್ಪಿದ ಒತ್ತಡ ಸ್ಥಿರವಾಗಿರುವುದಿಲ್ಲ. ಹೆಡ್‌ಲೈಟು, ಎಸಿ ಹಾಕಿದಾಗ ವೋಲ್ಟೇಜ್ ಇಳಿದರೆ ಪಂಪಿನ ಹರಿವು ಇಳಿಯುತ್ತದೆ, ಅದರೊಂದಿಗೆ ಒತ್ತಡವೂ ಇಳಿಯುತ್ತದೆ. ಹೀಗೆ ಅಲುಗಾಡುವ ಅಳತೆಯ ಮೇಲೆ ಟರ್ಬೊ ಎಂಜಿನನ್ನು ಟ್ಯೂನ್ ಮಾಡುವುದು ಪಿಸ್ಟನ್ನುಗಳಿಗೆ ಅಪಾಯ.

ಕೊನೆಗೆ 6 ಮಿ.ಮೀ. ರಿಟರ್ನ್ ಪೈಪಿನ ಜಾಗದಲ್ಲಿ ಟ್ಯಾಂಕಿನವರೆಗೂ 8 ಮಿ.ಮೀ. ಪೈಪು ಎಳೆಸಿ, ದೊಡ್ಡ ಕಿಂಡಿಯ ಅಡ್ಜಸ್ಟಬಲ್ ರೆಗ್ಯುಲೇಟರ್ ಹಾಕಿಸಿದೆ. ಪೈಪು, ಕ್ಲಾಂಪು ಎಲ್ಲವೂ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೇ ಸಿಕ್ಕವು. ವ್ಯಾಕ್ಯೂಮ್ ಹೋಸ್ ಕಳಚಿಟ್ಟು 3 ಬಾರಿಗೆ ಹೊಂದಿಸಿ, ಮತ್ತೆ ಜೋಡಿಸಿದಾಗ ಐಡಲ್‌ನಲ್ಲಿ ಮುಳ್ಳು 2.4ಕ್ಕೆ ಬಂದು ನಿಂತಿತು. ಅದಾದ ಮೇಲೆ ಟ್ಯೂನಿಂಗ್ ಹೊಸದಾಗಿ ಮಾಡಿಸಿದೆ. ಮೈಲೇಜ್ ಮರಳಿತು, ವಾಸನೆ ಹೋಯಿತು. ಪೈಪು ಬದಲಿಸಲಾಗದ ಕಾರುಗಳಲ್ಲಿ ಕಡಿಮೆ ಹೊರೆಯಿರುವಾಗ ಪಂಪಿನ ವೇಗವನ್ನೇ ತಗ್ಗಿಸುವ ಕಂಟ್ರೋಲರ್ ಹಾಕುವುದೂ ಒಳ್ಳೆಯ ದಾರಿ. ಟರ್ಬೊ ಇಲ್ಲದ, ಸಾಧಾರಣ ಶಕ್ತಿಯ ಕಾರಿಗಾದರೆ ಇಷ್ಟು ದೊಡ್ಡ ಪಂಪು ಬೇಡವೇ ಬೇಡ.

ಕೊಳ್ಳುವಾಗ ಎರಡು ಎಚ್ಚರಿಕೆ. ಈ ಪಂಪಿನ ನಕಲಿಗಳು ಮಾರುಕಟ್ಟೆಯಲ್ಲಿ ಹೇರಳವಾಗಿರುವುದರಿಂದ ಅಧಿಕೃತ ಮಾರಾಟಗಾರರಿಂದಲೇ ತರಿಸಬೇಕು. ಇನ್ನೊಂದು, ಟ್ಯಾಂಕಿನೊಳಗೆ ಪಂಪಿಗೆ ಜೋಡಿಸುವ ಗೇಣುದ್ದದ ಹೋಸು. ಪೆಟ್ರೋಲಿನಲ್ಲಿ ಮುಳುಗಿಯೇ ಇರಬೇಕಾದ ಅದು ಎಸ್‌ಎಇ 30ಆರ್10 ಗುರುತಿನದ್ದೇ ಆಗಿರಬೇಕು. ಸಾಮಾನ್ಯ ಪೆಟ್ರೋಲ್ ಹೋಸಿನ ಹೊರಮೈ ಮುಳುಗಿಸಿಡಲು ಮಾಡಿದ್ದಲ್ಲ. ಬಂಕುಗಳಲ್ಲಿ 20 ಶೇಕಡಾ ಎಥನಾಲ್ ಬೆರೆಸಿದ ಇ20 ಪೆಟ್ರೋಲೇ ಸಿಗುತ್ತಿರುವ ಈ ದಿನಗಳಲ್ಲಿ ಅದು ಮೆತ್ತಗಾಗಿ ಬಿರಿದರೆ ಒತ್ತಡ ಟ್ಯಾಂಕಿನೊಳಗೇ ಸೋರಿಹೋಗುತ್ತದೆ, ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಪಂಪಿನ ಡಬ್ಬಿಯಲ್ಲಿ ಬರುವ ತುಂಡನ್ನೂ ಗುರುತು ನೋಡಿಯೇ ಹಾಕಿಸಿ.