ಕೂಡುವುದು ಎರಡು, ಕೇಳಿಸುವುದು ಒಂದು: ಸೋನಿ ಡಬ್ಲ್ಯೂಎಚ್-ಸಿಎಚ್720ಎನ್

ಹುಬ್ಬಳ್ಳಿಯ ಕೊಪ್ಪೀಕರ ರೋಡಿನ ಅಂಗಡಿಗಳಲ್ಲಿ ಹೆಡ್‌ಫೋನ್ ಕೈಗೆತ್ತಿಕೊಂಡವರು ಈಗೀಗ ಸೌಂಡ್ ಹೇಗಿದೆ ಅನ್ನುವುದಕ್ಕಿಂತ ಮೊದಲು ಕೇಳುವುದು ಇದನ್ನೇ: “ಅಣ್ಣಾರ, ಫೋನಿಗೂ ಲ್ಯಾಪ್‌ಟಾಪಿಗೂ ಒಮ್ಮೆಗೇ ಕೂಡತೈತೇನ್ರಿ?” “ಹೂಂನ್ರಿ, ಕೂಡತೈತ್ರಿ.” ಉತ್ತರ ಖರೆ. ಆದರೆ ಕೂಡುವುದು ಅಂದರೇನು ಎಂದು ಬಿಡಿಸಿ ಹೇಳುವವರು ಕಡಿಮೆ. ಮನೆಗೆ ಒಯ್ದ ವಾರದೊಳಗೆ “ಪೀಸ್ ಖರಾಬ್ ಐತ್ರಿ” ಅಂತ ಅನಿಸುವುದು ಹೆಚ್ಚಾಗಿ ಈ ಒಂದು ವಿಷಯ ಗೊತ್ತಿಲ್ಲದ್ದಕ್ಕೆ.

ಸೋನಿಯ ಈ ಸಿಎಚ್720ಎನ್ ಹೆಡ್‌ಫೋನ್ 8 ಸಾಧನಗಳ ಗುರುತು ಇಟ್ಟುಕೊಳ್ಳುತ್ತದೆ, 2 ಸಾಧನಗಳಿಗೆ ಏಕಕಾಲಕ್ಕೆ ಜೋಡಿಯಾಗಿರುತ್ತದೆ, ಕೇಳಿಸುವುದು ಮಾತ್ರ ಒಂದರ ದನಿ. ಫೋನಿನ ಹಾಡು, ಲ್ಯಾಪ್‌ಟಾಪಿನ ಪಾಠ ಎರಡೂ ಬೆರೆತು ಬರುವುದಿಲ್ಲ. ಮೂರನೆಯದನ್ನು ಕೂಡಿಸಿದರೆ ಮೊದಲಿನ ಎರಡರಲ್ಲಿ ಒಂದು ಕಳಚಿಕೊಳ್ಳುತ್ತದೆ. ಒಂಬತ್ತನೆಯದನ್ನು ಪೇರ್ ಮಾಡಿದರೆ, ಎಲ್ಲಕ್ಕಿಂತ ಹಿಂದೆ ಬಳಸಿದ್ದರ ಗುರುತು ಅಳಿದುಹೋಗುತ್ತದೆ. ಹಾಸ್ಟೆಲ್ಲಿನಲ್ಲಿ ರೂಮಿನವರೆಲ್ಲ “ಒಂದ್ಸಲ ಕೊಡೋ, ನೋಡ್ತೀನಿ” ಅಂತ ತಮ್ಮ ತಮ್ಮ ಫೋನಿಗೆ ಜೋಡಿಸಿ ನೋಡಿದ ಮೇಲೆ ನಿಮ್ಮ ಲ್ಯಾಪ್‌ಟಾಪ್ ಮರೆತುಹೋಗುವುದು ಹೀಗೆ.

ಜೋಡಿಸುವಾಗ ಫೋನಿನಿಂದಲೇ ಶುರುಮಾಡಿ. ಹೊಸ ಪೀಸ್ ಆನ್ ಮಾಡಿದ ಕೂಡಲೇ ತಾನಾಗಿಯೇ ಪೇರಿಂಗ್‌ಗೆ ಹೋಗುತ್ತದೆ. ಫೋನಿಗೆ ಕೂಡಿದ ಮೇಲೆ ಸೋನಿಯ ಸೌಂಡ್ ಕನೆಕ್ಟ್ ಆ್ಯಪ್ (ಮೊದಲು ಇದರ ಹೆಸರು ಹೆಡ್‌ಫೋನ್ಸ್ ಕನೆಕ್ಟ್) ಹಾಕಿಕೊಂಡು, ಅದರಲ್ಲಿ ಎರಡು ಡಿವೈಸ್‌ಗೆ ಒಟ್ಟಿಗೆ ಕನೆಕ್ಟ್ ಮಾಡುವ ಆಯ್ಕೆ ಆನ್ ಇದೆಯೇ ನೋಡಿ. ಇದನ್ನು ಬಿಟ್ಟರೆ ಮುಂದಿನದೆಲ್ಲ ವ್ಯರ್ಥ. ಲ್ಯಾಪ್‌ಟಾಪಿಗಾಗಿ ಹೆಡ್‌ಫೋನ್ ಆಫ್ ಮಾಡಿ, ಪವರ್ ಬಟನ್ ಮತ್ತೆ ಒತ್ತಿ ಹಿಡಿಯಿರಿ. ಎರಡು ಸೆಕೆಂಡಿಗೇ ಆನ್ ಆಯಿತೆಂದು ಬೆರಳು ತೆಗೆಯಬೇಡಿ. ನೀಲಿ ದೀಪ ಎರಡೆರಡು ಸಲ ಮಿಣುಕುವವರೆಗೆ, ಅಂದರೆ ಐದಾರು ಸೆಕೆಂಡ್, ಹಿಡಿದೇ ಇರಬೇಕು. ಲ್ಯಾಪ್‌ಟಾಪ್ ಕೂಡಿತು ಅನ್ನುವಷ್ಟರಲ್ಲಿ ಫೋನ್ ಕಳಚಿರುತ್ತದೆ. ಗಾಬರಿ ಬೇಡ, ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಹೆಸರಿನ ಮೇಲೆ ಒಮ್ಮೆ ಒತ್ತಿದರೆ ಮರಳಿ ಬರುತ್ತದೆ.

ನಿಜವಾದ ತಕರಾರು ಇರುವುದು ವಿಂಡೋಸ್ ಲ್ಯಾಪ್‌ಟಾಪಿನಲ್ಲಿ. ಬ್ಲೂಟೂತಿನಲ್ಲಿ ಹಾಡಿಗೊಂದು ದಾರಿ, ಮಾತಿಗೊಂದು ದಾರಿ. ಹಾಡಿನ ದಾರಿಯಲ್ಲಿ ಸ್ಟೀರಿಯೊ ಬರುತ್ತದೆ. ಮಾತಿನ ದಾರಿಯಲ್ಲಿ ಮೈಕ್ ಕೆಲಸ ಮಾಡುತ್ತದೆ, ಆದರೆ ದನಿ ಮೋನೊ ಆಗಿ, ಡಬ್ಬಿಯೊಳಗೆ ಕೂತು ಮಾತಾಡಿದಂತೆ ಕೇಳಿಸುತ್ತದೆ. ಝೂಮ್ ಅಥವಾ ಟೀಮ್ಸ್ ತೆರೆದ ಕೂಡಲೇ ಲ್ಯಾಪ್‌ಟಾಪ್ ಹೆಡ್‌ಫೋನಿನ ಮೈಕ್ ಹಿಡಿದು ಆ ಎರಡನೇ ದಾರಿಗೆ ಜಿಗಿಯುತ್ತದೆ. ಮೀಟಿಂಗ್ ಮುಗಿದರೂ ಆ ಆ್ಯಪ್ ಮುಚ್ಚದಿದ್ದರೆ ಕೆಲವೊಮ್ಮೆ ಹಿಡಿತ ಬಿಡುವುದಿಲ್ಲ, ಫೋನಿನಲ್ಲಿ ಹಾಡು ಹಚ್ಚಿದರೂ ಸದ್ದೇ ಇಲ್ಲ.

ಸುಲಭದ ಪರಿಹಾರ: ಮೀಟಿಂಗ್ ಆ್ಯಪಿನ ಆಡಿಯೊ ಸೆಟ್ಟಿಂಗ್ಸ್‌ನಲ್ಲಿ ಮೈಕ್ ಜಾಗಕ್ಕೆ ಲ್ಯಾಪ್‌ಟಾಪಿನ ಸ್ವಂತ ಮೈಕ್ ಆರಿಸಿ, ಸ್ಪೀಕರ್ ಜಾಗದಲ್ಲಿ ಮಾತ್ರ ಹೆಡ್‌ಫೋನ್ ಇರಲಿ. ಖಾಯಂ ಪರಿಹಾರ ಬೇಕಿದ್ದರೆ ಡಿವೈಸಸ್ ಆ್ಯಂಡ್ ಪ್ರಿಂಟರ್ಸ್ ತೆರೆದು, ಹೆಡ್‌ಫೋನಿನ ಚಿತ್ರದ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಅದರಲ್ಲಿ ಸರ್ವೀಸಸ್‌ಗೆ ಹೋಗಿ, ‘ಹ್ಯಾಂಡ್ಸ್‌ಫ್ರೀ ಟೆಲಿಫೋನಿ’ ಎದುರಿನ ಟಿಕ್ ತೆಗೆಯಿರಿ. ಲ್ಯಾಪ್‌ಟಾಪಿಗೆ ಇನ್ನು ಹಾಡಿನ ದಾರಿಯೊಂದೇ. ಫೋನ್ ಕರೆಗೆ ಹೆಡ್‌ಫೋನಿನ ಮೈಕ್ ಮೊದಲಿನಂತೆಯೇ ಇರುತ್ತದೆ. ಈ ಒಂದು ಟಿಕ್ ತೆಗೆದರೆ ಅರ್ಧಕ್ಕಿಂತ ಹೆಚ್ಚು ಕಿರಿಕಿರಿ ಅಲ್ಲಿಗೇ ಮುಗಿಯಿತು.

ಇನ್ನೊಂದು ಕಿರಿಕಿರಿ, ನೋಟಿಫಿಕೇಶನ್. ವಾಟ್ಸ್ಆ್ಯಪ್ ವೆಬ್‌ನ ಒಂದು ‘ಟಿಂಗ್’ ಸಾಕು, ಕೇಳುತ್ತಿದ್ದ ಹಾಡು ಮುಗ್ಗರಿಸುವುದಕ್ಕೆ. ವಿಂಡೋಸ್‌ನ ಸೌಂಡ್ ಸ್ಕೀಮಿನಲ್ಲಿ ‘ನೋ ಸೌಂಡ್ಸ್’ ಇಡಿ, ಬ್ರೌಸರಿನ ಆ ಟ್ಯಾಬ್ ಮ್ಯೂಟ್ ಮಾಡಿ. ಒಂದರಿಂದ ಇನ್ನೊಂದಕ್ಕೆ ಹೋಗುವಾಗಲೂ ಮೊದಲನೆಯದನ್ನು ಪಾಸ್ ಮಾಡಿಯೇ ಎರಡನೆಯದನ್ನು ಹಚ್ಚುವ ರೂಢಿ ಒಳ್ಳೆಯದು.

ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್‌ಗೆ ಕೂತವರಿಗೆ ಇದು ಹೇಳಿ ಮಾಡಿಸಿದಂತಿದೆ. ಲ್ಯಾಪ್‌ಟಾಪಿನಲ್ಲಿ ರೆಕಾರ್ಡೆಡ್ ಕ್ಲಾಸ್ ನಡೆದಿರುವಾಗ ಮನೆಯಿಂದ ಅವ್ವನ ಫೋನ್ ಬಂದರೆ ಪಾಠದ ದನಿ ನಿಂತು ರಿಂಗ್ ಕೇಳುತ್ತದೆ, ಬಟನ್ ಒತ್ತಿ ಮಾತಾಡಬಹುದು. ಆದರೆ ದನಿ ನಿಂತರೂ ವಿಡಿಯೊ ಎಲ್ಲ ಕಡೆ ತಾನಾಗಿ ನಿಲ್ಲುವುದಿಲ್ಲ. ಕರೆ ಎತ್ತುವ ಮುಂಚೆ ಸ್ಪೇಸ್ ಬಾರ್ ಒತ್ತಿಬಿಡಿ.

ದನಿ ತುಂಡು ತುಂಡಾಗಿ ಬರುತ್ತಿದ್ದರೆ ಲ್ಯಾಪ್‌ಟಾಪನ್ನು 5 ಗಿಗಾಹರ್ಟ್ಸ್ ವೈಫೈಗೆ ಹಾಕಿ ನೋಡಿ. 2.4 ಗಿಗಾಹರ್ಟ್ಸ್ ವೈಫೈ ಮತ್ತು ಬ್ಲೂಟೂತ್ ಓಡಾಡುವುದು ಒಂದೇ ಓಣಿಯಲ್ಲಿ. ಡೆಸ್ಕ್‌ಟಾಪಿಗೆ ಬ್ಲೂಟೂತ್ ಡಾಂಗಲ್ ಹಾಕಿದವರು ಅದನ್ನು ಯುಎಸ್‌ಬಿ 3.0 ಪೆನ್‌ಡ್ರೈವಿನ ಮಗ್ಗುಲಲ್ಲಿ ಚುಚ್ಚಬಾರದು, ಅದೂ ಅಡ್ಡಿಯೇ. ಒಂದು ಗಿಡ್ಡ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಡಾಂಗಲ್ ದೂರ ಇಡಿ.

ಉಳಿದದ್ದು ಚುಟುಕಾಗಿ. ತೂಕ 192 ಗ್ರಾಂ, ತಲೆಗೆ ಭಾರವೆನಿಸದು. ಕಂಪನಿಯ ಲೆಕ್ಕದಲ್ಲಿ ಹೊರಗಿನ ಸದ್ದು ತಗ್ಗಿಸುವ ನಾಯ್ಸ್ ಕ್ಯಾನ್ಸಲಿಂಗ್ ಹಚ್ಚಿದರೆ 35 ಗಂಟೆ, ಆಫ್ ಮಾಡಿದರೆ 50 ಗಂಟೆ ಬ್ಯಾಟರಿ. ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿನ ಏಸಿಯ ಗುಂಯ್ ಸದ್ದು, ಫ್ಯಾನಿನ ಸದ್ದು ಚೆನ್ನಾಗಿ ತಗ್ಗುತ್ತದೆ, ಪಕ್ಕದ ಸೀಟಿನ ಹರಟೆ ಅಷ್ಟು ತಗ್ಗುವುದಿಲ್ಲ. ಬ್ಲೂಟೂತಿನಲ್ಲಿ ಹಾಡನ್ನು ಹೆಚ್ಚು ಸ್ಪಷ್ಟವಾಗಿ ಕಳಿಸುವ ಸೋನಿಯ ಎಲ್‌ಡಿಎಸಿ ವಿಧಾನ ಇದರಲ್ಲಿಲ್ಲ, ಸಾಮಾನ್ಯ ಎಸ್‌ಬಿಸಿ ಮತ್ತು ಎಎಸಿ ಮಾತ್ರ. ಇದರ ದೊಡ್ಡಣ್ಣ, ಸೋನಿಯದೇ ಡಬ್ಲ್ಯೂಎಚ್-1000ಎಕ್ಸ್‌ಎಂ4ರಲ್ಲಿ ಎಲ್‌ಡಿಎಸಿ ಇದ್ದರೂ, ಎರಡು ಸಾಧನ ಕೂಡಿಸಿದಾಗ ಅದು ಸಿಗುವುದಿಲ್ಲ. ಹಾಗಾಗಿ ಇದೊಂದು ದೊಡ್ಡ ಕೊರತೆಯಲ್ಲ. ಬೇಸರದ ಸಂಗತಿ ಎಂದರೆ ಪೆಟ್ಟಿಗೆಯಲ್ಲಿ ಕೇಸ್ ಇಲ್ಲ, ನೀರು ತಡೆಯುವ ರೇಟಿಂಗೂ ಇಲ್ಲ. ಧಾರವಾಡದ ಜಿಟಿಜಿಟಿ ಮಳೆಗೆ ಬ್ಯಾಗಿನಲ್ಲೊಂದು ಪ್ಲಾಸ್ಟಿಕ್ ಚೀಲ ಇರಲಿ. ಏಪ್ರಿಲ್-ಮೇ ತಿಂಗಳ ಸೆಕೆಗೆ ಕಿವಿಯ ಕುಶನ್ ಬೆವರುತ್ತದೆ, ಗಂಟೆಗೊಮ್ಮೆ ತೆಗೆದು ಒಣ ಬಟ್ಟೆಯಿಂದ ಒರೆಸಿ.

ಕೊಳ್ಳಲು ಹೋಗುವಾಗ ಫೋನ್, ಲ್ಯಾಪ್‌ಟಾಪ್ ಎರಡನ್ನೂ ಒಯ್ಯಿರಿ. ಡೆಮೊ ಪೀಸಿಗೆ ಎರಡನ್ನೂ ಜೋಡಿಸಿ, ಲ್ಯಾಪ್‌ಟಾಪಿನಲ್ಲಿ ವಿಡಿಯೊ ಹಚ್ಚಿ, ಜೊತೆಗೆ ಬಂದವರಿಂದ ನಿಮ್ಮ ನಂಬರಿಗೆ ಫೋನ್ ಮಾಡಿಸಿ. ದನಿ ಕರೆಗೆ ಹೋಗಿ, ಕರೆ ಮುಗಿದ ಮೇಲೆ ವಿಡಿಯೊಗೆ ಮರಳಿ ಬಂದರೆ ಜಿಎಸ್‌ಟಿ ಬಿಲ್ ಬರೆಸಿಕೊಳ್ಳಿ. ಬರದಿದ್ದರೆ ಅಲ್ಲೇ ನಿಂತು ಲ್ಯಾಪ್‌ಟಾಪಿನ ಆ ‘ಹ್ಯಾಂಡ್ಸ್‌ಫ್ರೀ’ ಟಿಕ್ ತೆಗೆದು ಇನ್ನೊಮ್ಮೆ ನೋಡಿ. ಮನೆಗೆ ಹೋಗುವ ಮುಂಚೆ ಡೆಮೊ ಪೀಸಿನಲ್ಲಿ ಉಳಿದ ನಿಮ್ಮ ಫೋನಿನ ಗುರುತು ಅಳಿಸಲು ಹೇಳುವುದನ್ನು ಮರೆಯಬೇಡಿ.