ಎರಡು ಮಳೆಗಾಲ ಕಂಡ ಸಿಮ್ ಕ್ಯಾಮೆರಾ

ತೀರ್ಥಹಳ್ಳಿ ಕಡೆಯ ನಮ್ಮ ತೋಟದ ಮನೆಗೆ ಬೀಗ ಬಿದ್ದು ಮೂರು ವರ್ಷವಾಯಿತು. ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನ ಜೊತೆ ಬೆಂಗಳೂರಿನಲ್ಲಿದ್ದಾರೆ. ಅಲ್ಲಿಗೆ ಬ್ರಾಡ್‌ಬ್ಯಾಂಡ್ ಬಂದಿಲ್ಲ, ಕರೆಂಟನ್ನು ನಂಬುವಂತಿಲ್ಲ. ಹಾಗಾಗಿ 2023ರ ನವೆಂಬರ್‌ನಲ್ಲಿ, ಕೊಯ್ಲಿನ ಹೊತ್ತಿಗೆ, ಸೋಲಾರ್ ಫಲಕವಿರುವ 4ಜಿ ಸಿಮ್ ಕ್ಯಾಮೆರಾವನ್ನು 7,200 ರೂಪಾಯಿ ಕೊಟ್ಟು ತಂದೆ.

ಅದಕ್ಕೂ ಮೊದಲು ದುಬೈಯಿಂದ ಭಾವ ತಂದುಕೊಟ್ಟಿದ್ದ ಇನ್ನೊಂದು ಕ್ಯಾಮೆರಾ ಈಗಲೂ ಬೀರುವಿನಲ್ಲಿ ಮಲಗಿದೆ. ಮೊಬೈಲ್ ಸಿಗ್ನಲ್ ಬೇರೆ ಬೇರೆ ಬ್ಯಾಂಡುಗಳಲ್ಲಿ, ಅಂದರೆ ಆವರ್ತನದ ಪಟ್ಟಿಗಳಲ್ಲಿ, ಬರುತ್ತದೆ. ನಮ್ಮ ಕಣಿವೆಗೆ ಇಳಿದು ಬರುವುದು 850 ಮೆಗಾಹರ್ಟ್ಸ್‌ನ ಬ್ಯಾಂಡ್ 5 ಮಾತ್ರ; ಆ ಯಂತ್ರಕ್ಕೆ ಅದು ಗೊತ್ತೇ ಇರಲಿಲ್ಲ. 2300ರ ಬ್ಯಾಂಡ್ 40 ಪೇಟೆಯಲ್ಲಿ ಚುರುಕು, ಗುಡ್ಡ ಮರಗಳ ನಡುವೆ ಸೊರಗುತ್ತದೆ. ಕೊಳ್ಳುವ ಮುನ್ನ ಡಬ್ಬಿಯ ಮೇಲೆ ಬ್ಯಾಂಡ್ ಸಂಖ್ಯೆ ನೋಡಿ. ಮೆಗಾಪಿಕ್ಸೆಲ್ ಆಮೇಲೆ ನೋಡಿದರೂ ನಡೆಯುತ್ತದೆ.

ಅಡಿಕೆ ಮರಕ್ಕೆ ಕಟ್ಟಿದ್ದು ನನ್ನ ದಡ್ಡತನ. ಗಾಳಿಗೆ ಮರ ತೂಗಿದಾಗಲೆಲ್ಲ ಫೋನು ಕಿರುಚುತ್ತಿತ್ತು, ಒಂದೇ ದಿನ ನೂರಕ್ಕೂ ಹೆಚ್ಚು ಸಲ. ಆಮೇಲೊಂದು ದಿನ ಚಿತ್ರವೇ ಕಪ್ಪಾಯಿತು. ನಾಲ್ಕು ದಿನ ಕಳೆದು ಪಕ್ಕದ ತೋಟದ ಮಾವ ಹೋಗಿ ನೋಡಿದರೆ, ಮೇಲಿನಿಂದ ಬಿದ್ದ ಅಡಿಕೆ ಹಾಳೆಯೊಂದು ಮುಟ್ಟಾಳೆ ಟೊಪ್ಪಿಯಂತೆ ಸರಿಯಾಗಿ ಕ್ಯಾಮೆರಾದ ತಲೆಗೆ ಕೂತಿತ್ತು. ಅಂಗಳದ ಅಂಚಿನಲ್ಲಿ ಕಬ್ಬಿಣದ ಕಂಬ ನೆಟ್ಟು ಅಲ್ಲಿಗೆ ಏರಿಸಿದ ಮೇಲೆ ಎರಡೂ ಕಾಟ ತಪ್ಪಿತು. ಸಿಗ್ನಲ್ಲೂ ಮೈನಸ್ 118 ಡಿಬಿಎಂನಿಂದ ಮೈನಸ್ 104ಕ್ಕೆ ಬಂತು (ಡಿಬಿಎಂ ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು). ಅಷ್ಟಾದರೆ ನೇರ ಚಿತ್ರ ತಡೆತಡೆದಾದರೂ ಓಡುತ್ತದೆ.

ಮಳೆಗಾಲದ ಮಾತು ಬೇರೆ. ‘ಒಂದು ಗಂಟೆ ಬಿಸಿಲು ಸಾಕು’ ಎಂದು ಜಾಹೀರಾತು ಬರೆದವರು ಆಷಾಢದಲ್ಲಿ ನಮ್ಮ ಕಡೆ ಬಂದಿಲ್ಲ. 2024ರ ಜುಲೈಯಲ್ಲಿ ಹನ್ನೊಂದು ದಿನ ಸೂರ್ಯನ ಮುಖ ಕಾಣಲಿಲ್ಲ. ಬ್ಯಾಟರಿ ನೂರರಿಂದ ಹದಿನಾಲ್ಕಕ್ಕಿಳಿಯಿತು. ಮರುವರ್ಷ ಮೂರು ವ್ಯಾಟ್‌ನ ಫಲಕ ತೆಗೆದು ಹತ್ತು ವ್ಯಾಟ್‌ನದ್ದು ಹಾಕಿಸಿದೆ. ತಿಂಗಳಿಗೊಮ್ಮೆ ಅದರ ಪಾಚಿಯನ್ನು ಮಾವ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ.

‘ಮನುಷ್ಯರನ್ನು ಮಾತ್ರ ತಿಳಿಸು’ ಎಂಬ ಆಯ್ಕೆಯನ್ನು ನಂಬಿ ಕೂರಬೇಡಿ. ಕಂಬಳಿಕೊಪ್ಪೆ ಹೊದ್ದು ಬಂದ ಮಾವ ಅದರ ಲೆಕ್ಕದಲ್ಲಿ ಮನುಷ್ಯರಲ್ಲ, ಕಟ್ಟೆಯ ಮೇಲೆ ಕೂತ ಮಂಗ ಮನುಷ್ಯ. ರಾತ್ರಿ ಗಾಜಿನ ಮುಂದೆ ಜೇಡ ಬಲೆ ಕಟ್ಟಿದರೆ ಇನ್ಫ್ರಾರೆಡ್ ಬೆಳಕಿಗೆ ಇಡೀ ಅಂಗಳ ಬೆಳ್ಳಗೆ ಮಂಜು ಕವಿದಂತೆ ಕಾಣುತ್ತದೆ. ಕ್ಯಾಮೆರಾದ ಸ್ಪೀಕರಿನಲ್ಲಿ ಅಮ್ಮ ಬೆಂಗಳೂರಿನಿಂದಲೇ ಮಂಗಗಳನ್ನು ಗದರಿಸುತ್ತಿದ್ದರು. ಮೊದಲ ವಾರ ಓಡಿದವು, ಎರಡನೆಯ ವಾರ ಕಂಬದ ಕೆಳಗೇ ಕೂತು ಕೇಳಿಸಿಕೊಂಡವು.

ಡೇಟಾ ಖರ್ಚಾಗುವುದೂ ಅಮ್ಮನಿಂದಲೇ. ಸೆಕೆಂಡಿಗೆ ಒಂದು ಮೆಗಾಬಿಟ್ ಎಂದು ಹಿಡಿದರೂ ನೇರ ಚಿತ್ರಕ್ಕೆ ಗಂಟೆಗೆ 450 ಎಂಬಿ ಬೇಕು. ಸಂಜೆ ಹೊತ್ತು ಅವರು ಅಂಗಳ ನೋಡುತ್ತಾ ಕೂತರೆ ಏಳುವುದೇ ಇಲ್ಲ. ನಾನೂ ಬೇಡ ಎಂದಿಲ್ಲ, ದಿನಕ್ಕೆ ಎರಡು ಜಿಬಿಯ ಯೋಜನೆ ಹಾಕಿಸಿದ್ದೇನೆ. ಒಂದು ಎಚ್ಚರಿಕೆ: ಸಿಮ್ ಕಂಪನಿಯ ಆ್ಯಪ್‌ಗೆ ಲಾಗಿನ್ ಆಗುವ ಒಟಿಪಿ ಕ್ಯಾಮೆರಾದೊಳಗಿನ ಸಿಮ್ಮಿಗೇ ಹೋಗುತ್ತದೆ. ಅದು 350 ಕಿಲೋಮೀಟರ್ ದೂರದ ಕಂಬದ ಮೇಲಿರುತ್ತದೆ. ಸಿಮ್ ಒಳಗೆ ಹಾಕುವ ಮೊದಲೇ ಲಾಗಿನ್ ಆಗಿ.

ಇನ್ನು ಕಳ್ಳತನ. ಕಳೆದ ಮೇ ತಿಂಗಳ ಒಂದು ರಾತ್ರಿ ಪಂಪ್‌ಸೆಟ್ಟಿನ ತಾಮ್ರದ ಕೇಬಲ್ ಹೋಯಿತು. ಮಧ್ಯಾಹ್ನದ ಗಾಳಿಮಳೆಗೆ ಲೈಟು ಕಂಬ ಬಿದ್ದು ಕರೆಂಟ್ ಇರಲಿಲ್ಲ. ಕೇಬಲ್ ಕತ್ತರಿಸುವವನಿಗೆ ಅದಕ್ಕಿಂತ ಒಳ್ಳೆಯ ಹೊತ್ತು ಯಾವುದು? ರಾತ್ರಿಯಾಗುವಷ್ಟರಲ್ಲಿ ಮೊಬೈಲ್ ಟವರಿನ ಬ್ಯಾಟರಿಯೂ ಮುಗಿದಿತ್ತು. ಕ್ಯಾಮೆರಾ ಎಲ್ಲವನ್ನೂ ನೋಡಿತು, ಮೆಮೊರಿ ಕಾರ್ಡಿನಲ್ಲಿ ಬರೆದೂ ಇಟ್ಟಿತು, ಹೇಳಲು ದಾರಿ ಇರಲಿಲ್ಲ. ಮರುದಿನ ಹತ್ತು ಗಂಟೆಗೆ ಸಿಗ್ನಲ್ ಬಂದಾಗ ನಾನು ಕಚೇರಿಯಲ್ಲಿದ್ದೆ. 2 ಗಂಟೆ 41 ನಿಮಿಷಕ್ಕೆ ತಲೆಗೆ ಟವೆಲ್ ಸುತ್ತಿದ ಇಬ್ಬರು, ಒಬ್ಬನ ಕೈಯಲ್ಲಿ ಟಾರ್ಚು. ದೂರು ಕೊಡುವಾಗ ಸಮಯ ಹೇಳಲು ಅನುಕೂಲವಾಯಿತು, ಅಷ್ಟೇ.

ಅದೇ ಕ್ಯಾಮೆರಾದಿಂದ ಉಳಿದದ್ದೂ ಇದೆ. ಜನವರಿಯಲ್ಲಿ ಬೇಯಿಸಿದ ಅಡಿಕೆ ಅಂಗಳದಲ್ಲಿ ಹರವಿತ್ತು. ಅಕಾಲದ ಮೋಡ ಕಟ್ಟಿದ್ದನ್ನು ಅಮ್ಮ ಇಲ್ಲಿಂದಲೇ ನೋಡಿ ಮಾವನಿಗೆ ಫೋನು ಮಾಡಿಸಿದರು. ಟಾರ್ಪಾಲು ಎಳೆಯುವುದಕ್ಕೂ ಹನಿ ಬೀಳುವುದಕ್ಕೂ ಸರಿಹೋಯಿತು. ಕ್ಯಾಮೆರಾಕ್ಕೆ ಕೊಟ್ಟ ದುಡ್ಡು ಅವತ್ತೇ ತೀರಿತು.

ಅಡಿಕೆ ಸುಲಿಯಲು ಬರುವ ಹೆಂಗಸರು ಮಾತ್ರ ಮೊದಲ ದಿನವೇ ಕೇಳಿದ್ದರು, ‘ನಾವು ಮಾತಾಡುವುದೂ ಕೇಳಿಸುತ್ತದೆಯಾ ಅಣ್ಣಾ?’ ಎಂದು. ಕೇಳಿಸುತ್ತಿತ್ತು. ಈಗ ಸುಲಿಯುವ ದಿನಗಳಲ್ಲಿ ಮೈಕ್ ಬಂದ್, ಕ್ಯಾಮೆರಾದ ಮುಖ ಗೇಟಿನ ಕಡೆಗೆ.

ಈ ಕ್ಯಾಮೆರಾ ಕೆಟ್ಟರೆ ಹೊಸದೊಂದು ಕೊಳ್ಳುತ್ತೇನೆಯೇ? ಕೊಳ್ಳುತ್ತೇನೆ, ಮಾವ ಅಲ್ಲಿರುವ ತನಕ. ಅವರಿಗೂ ಈಗ ಒಂದು ಬೇಕಂತೆ. ಅವರ ಮನೆ ಹಿಂದೆ ಸಿಗ್ನಲ್ ಇಲ್ಲ. ‘ನಿನ್ನ ಕಂಬದಲ್ಲಿ ಇನ್ನೊಂದಕ್ಕೆ ಜಾಗ ಇದೆಯೇನೋ ಮಾರಾಯ?’ ಎಂದು ಮೊನ್ನೆ ಕೇಳುತ್ತಿದ್ದರು.