ಬೀರ್ ಬಿಲ್ಲಿಂಗ್‌ಗೆ ಎರಡು ದಿನದ ಪ್ಯಾಕೇಜ್ ಹಿಡಿದು ಹೋಗಬೇಡಿ

ಶುಕ್ರವಾರ ರಾತ್ರಿ ದಿಲ್ಲಿಯಿಂದ ವೋಲ್ವೋ, ಶನಿವಾರ ಬೆಳಿಗ್ಗೆ ಬೀರ್, ಅಂದೇ ಪ್ಯಾರಾಗ್ಲೈಡಿಂಗ್, ಭಾನುವಾರ 'ಟಿಬೆಟನ್ ಮೊನಾಸ್ಟ್ರಿ ಟೂರ್', ಸಂಜೆ ವಾಪಸ್ ಬಸ್. ಹಿಮಾಚಲದ ಕಾಂಗ್ಡಾ ಜಿಲ್ಲೆಯ ಈ ಪುಟ್ಟ ಊರಿಗೆ ಮಾರುವ ಪ್ಯಾಕೇಜ್‌ಗಳಲ್ಲಿ ಹೆಚ್ಚಿನವು ಹೀಗೇ ಇರುತ್ತವೆ. ಇವನ್ನು ನಂಬಿ ಹೋದವರ ಕೆಟ್ಟ ಅನುಭವವೂ ಹೆಚ್ಚೂಕಮ್ಮಿ ಒಂದೇ ಥರ. ಹನ್ನೆರಡು ಗಂಟೆ ಬಸ್‌ನಲ್ಲಿ ಕೂತು, ಕೊನೆಯ ಘಾಟಿಯಲ್ಲಿ ವಾಂತಿ ಮಾಡಿಕೊಂಡು, ನಿದ್ದೆಯಿಲ್ಲದ ಕಣ್ಣಲ್ಲೇ ಜೀಪ್ ಹತ್ತಿ, ಹಾರಾಟ ಶುರುವಾಗುವ ಬೆಟ್ಟದ ಮೇಲಿನ ಬಿಲ್ಲಿಂಗ್‌ಗೆ ಹೋಗುತ್ತಾರೆ. ಅಲ್ಲಿ ಮೋಡ ಕವಿದಿರುತ್ತದೆ, ಇಲ್ಲವೇ ಗಾಳಿ ಬೆನ್ನ ಕಡೆಯಿಂದ ಬೀಸುತ್ತಿರುತ್ತದೆ. ನಾಳೆ ಬಸ್ ಇದೆ, ದುಡ್ಡು ಮೊದಲೇ ಕಟ್ಟಾಗಿದೆ, ಏಜೆಂಟ್ ವಾಪಸ್ ಕೊಡುವುದಿಲ್ಲ. 'ಏನಾಗಲ್ಲ, ಹಾರಿಸಿಬಿಡಿ' ಎಂದು ಪ್ರವಾಸಿಯೇ ಒತ್ತಾಯಿಸುತ್ತಾನೆ. ದಿನಕ್ಕೆ ಇಷ್ಟು ಹಾರಾಟ ಎಂದು ಲೆಕ್ಕ ಹಾಕುವ ಪೈಲಟ್ ಆಗಲಿ ಎನ್ನುತ್ತಾನೆ. ಅಪಾಯ ಶುರುವಾಗುವುದೇ ಇಲ್ಲಿಂದ.

ಬಿಲ್ಲಿಂಗ್‌ನ ಟೇಕಾಫ್ ಜಾಗ ಸುಮಾರು 2400 ಮೀಟರ್ ಎತ್ತರದಲ್ಲಿದೆ. ಇಳಿಯುವ ಮೈದಾನ ಕೆಳಗೆ, ಬೀರ್ ಪಕ್ಕದ ಕ್ಯೋರ್‌ನಲ್ಲಿ. ನಡುವೆ 14 ಕಿಲೋಮೀಟರ್ ಘಾಟಿ ರಸ್ತೆ. ಧೌಲಾಧಾರ್ ಪರ್ವತ ಸಾಲಿನ ದಕ್ಷಿಣಕ್ಕೆ ಮುಖ ಮಾಡಿದ ಈ ಇಳಿಜಾರಿಗೆ ಬಿಸಿಲು ಬಿದ್ದಂತೆ ಗಾಳಿ ಕಾದು ಮೇಲೇಳುತ್ತದೆ. ಪೈಲಟ್‌ಗಳು ಥರ್ಮಲ್ ಅನ್ನುವುದು ಇದಕ್ಕೇ. ಬೆಳಿಗ್ಗೆ ಮೆತ್ತಗಿರುವ ಥರ್ಮಲ್ ಮಧ್ಯಾಹ್ನಕ್ಕೆ ಜೋರಾಗುತ್ತದೆ. ಒಬ್ಬರೇ ಹಾರುವ ಅನುಭವಿಗಳಿಗೆ ಅದು ಬೇಕು. ಮೊದಲ ಸಲ ಕೂತವರಿಗೆ ಅದರಿಂದ ಸಿಗುವುದು ಎತ್ತಿಹಾಕಿದಂಥ ಕುಲುಕಾಟ, ತಲೆಸುತ್ತು. ಮಧ್ಯಾಹ್ನದ ಮೇಲೆ ಶಿಖರದ ಮೇಲೆ ಮೋಡ ಕಟ್ಟಿದರೆ ಅದು ಗ್ಲೈಡರನ್ನು ಒಳಗೆಳೆದುಕೊಳ್ಳಬಲ್ಲದು. ಆಮೇಲೆ ಪೈಲಟ್‌ಗೆ ಬೆಟ್ಟ ಎಲ್ಲಿದೆ ಅನ್ನುವುದೂ ಕಾಣದು.

ಅಕ್ಟೋಬರ್, ನವೆಂಬರ್ ಇಲ್ಲಿ ಅತ್ಯಂತ ನಂಬಿಕೆಯ ತಿಂಗಳುಗಳು. ಏಪ್ರಿಲ್, ಮೇನಲ್ಲಿ ಹಾರಬಹುದು, ಆದರೆ ಗಾಳಿ ಒರಟು. ಜುಲೈ 15ರಿಂದ ಸೆಪ್ಟೆಂಬರ್ 15ರವರೆಗೆ ಮಳೆಗಾಲದ ನಿಷೇಧವಿದೆ. ಆಗ ಹಾರಿಸುತ್ತೇವೆ ಎನ್ನುವವರ ಜೊತೆ ಮಾತೇ ಬೇಡ.

ಟೇಕಾಫ್‌ನಲ್ಲಿ ನಿಂತಾಗ ಕಣಿವೆಯ ಕಡೆ ಮುಖ ಮಾಡಿ. ಗಾಳಿ ಮುಖಕ್ಕೆ, ಎದೆಗೆ ತಾಗಬೇಕು. ಬೆನ್ನಿಗೆ ತಾಗುತ್ತಿದ್ದರೆ, ಅಥವಾ ಗಾಳಿಯ ದಿಕ್ಕು ತೋರಿಸಲು ಕಂಬಕ್ಕೆ ಕಟ್ಟಿದ ಗಾಳಿಚೀಲ ಒಮ್ಮೆ ಜೋತುಬಿದ್ದು ಮರುಕ್ಷಣ ಪಟಪಟ ಬಡಿಯುತ್ತಿದ್ದರೆ ಕಾಯಿರಿ. ಅನುಭವಿ ಪೈಲಟ್‌ಗಳು ಗ್ಲೈಡರ್‌ನ ರೆಕ್ಕೆ ಮಡಚಿಟ್ಟು ಚಹಾ ಕುಡಿಯುತ್ತ ಕೂತಿದ್ದಾರೆ, ನಿಮ್ಮವನೊಬ್ಬನೇ ಅವಸರ ಮಾಡುತ್ತಿದ್ದಾನೆ ಎಂದರೆ ಅದಕ್ಕಿಂತ ಸ್ಪಷ್ಟವಾದ ಸೂಚನೆ ಬೇರೆ ಬೇಕಿಲ್ಲ.

ಈಗ ಹಾರ್ನೆಸ್, ಅಂದರೆ ನಿಮ್ಮನ್ನು ಕಟ್ಟಿ ಕೂರಿಸುವ ಸೀಟು-ಪಟ್ಟಿ. ಇದನ್ನು ನಿಧಾನವಾಗಿ ಓದಿ. ಪ್ರಯಾಣಿಕರ ಹಾರ್ನೆಸ್‌ನಲ್ಲಿ ತೊಡೆಗೆ ಎರಡು ಪಟ್ಟಿ, ಎದೆಗೆ ಒಂದು. ಇಬ್ಬದಿಯ ಎರಡು ಕ್ಯಾರಾಬೈನರ್ (ಬಾಯಿ ತೆರೆದು ಮುಚ್ಚುವ ಲೋಹದ ಕೊಂಡಿ) ನಿಮ್ಮನ್ನು ಗ್ಲೈಡರ್‌ಗೆ ಸೇರಿಸುತ್ತವೆ. ಮರೆತುಹೋಗುವುದು ತೊಡೆಯ ಪಟ್ಟಿಗಳೇ. ಹಾರ್ನೆಸನ್ನು ಬ್ಯಾಗಿನಂತೆ ಹೆಗಲಿಗೆ ಏರಿಸುತ್ತಾರೆ, ಎದೆಯ ಬಕಲ್ 'ಟಕ್' ಅನ್ನುತ್ತದೆ, ಹೆಲ್ಮೆಟ್ ಬಂತು, ಸೆಲ್ಫಿ ಕೋಲು ಕೈಗೆ ಬಂತು, ಎಲ್ಲ ಮುಗಿಯಿತು ಎನ್ನಿಸುತ್ತದೆ. ತೊಡೆಯ ಪಟ್ಟಿ ಸೀಟಿನ ಕೆಳಗೆ ಹಿಂದಕ್ಕೆ ನೇತಾಡುತ್ತಿರುತ್ತದೆ. ಉದ್ದ ಜಾಕೆಟ್ ಹಾಕಿದ್ದರೆ ಕಾಣುವುದೂ ಇಲ್ಲ. ಕಾಲು ನೆಲ ಬಿಟ್ಟ ಮೇಲೆ ಸೀಟು ಜಾರಿ, ಮೈಭಾರವೆಲ್ಲ ಕಂಕುಳಿಗೆ ಬಂದು, ಮನುಷ್ಯ ಕೆಳಗೆ ನುಸುಳಿಹೋಗುತ್ತಾನೆ. 2024ರ ಫೆಬ್ರುವರಿಯಲ್ಲಿ ಕುಲ್ಲುವಿನಲ್ಲಿ ತೆಲಂಗಾಣದ ಪ್ರವಾಸಿ ಮಹಿಳೆಯೊಬ್ಬರು ಹಾರಾಟದ ನಡುವೆ ಬಿದ್ದು ಸತ್ತಾಗ, ಸುರಕ್ಷತಾ ಬೆಲ್ಟನ್ನು ಸರಿಯಾಗಿ ನೋಡಿರಲಿಲ್ಲ ಎಂಬ ಆರೋಪದ ಮೇಲೆ ಪೈಲಟ್‌ನನ್ನು ಬಂಧಿಸಲಾಯಿತು.

ಹಾಗಾಗಿ ಪೈಲಟ್ 'ಓಕೆ' ಅಂದರೂ ನಿಮ್ಮ ಕೈಯಲ್ಲೇ ನೋಡಿ. ಎಡತೊಡೆ, ಬಲತೊಡೆ, ಎದೆ: ಮೂರನ್ನೂ ಜಗ್ಗಿ. ಆಮೇಲೆ ಎರಡು ಕ್ಯಾರಾಬೈನರ್ ಮುಟ್ಟಿ, ಬಾಯಿ ಪೂರ್ತಿ ಮುಚ್ಚಿದೆಯೇ ಎಂದು ನೋಡಿ. ಮೂತ್ರಕ್ಕೆಂದೋ ಜಾಕೆಟ್ ಬದಲಿಸಲೆಂದೋ ಒಂದು ಪಟ್ಟಿ ಬಿಚ್ಚಿದರೂ ಮತ್ತೆ ಮೊದಲಿನಿಂದ ಶುರು ಮಾಡಿ.

ಓಟದಲ್ಲೂ ಎಡವಟ್ಟಾಗುತ್ತದೆ. ಪೈಲಟ್ 'ಭಾಗೋ' ಎಂದಾಗ ನಾಲ್ಕು ಹೆಜ್ಜೆ ಓಡಿ ಸೀಟಿನಲ್ಲಿ ಕೂತುಬಿಡುವವರು ಬಹಳ. ರೆಕ್ಕೆ ಇನ್ನೂ ಭಾರ ಹೊತ್ತಿರುವುದಿಲ್ಲ. ಕೂತ ತಕ್ಷಣ ಇಬ್ಬರೂ ಇಳಿಜಾರಿನಲ್ಲಿ ಉರುಳುತ್ತಾರೆ. ಕಾಲು ಗಾಳಿಯಲ್ಲಿದ್ದರೂ ಪೈಲಟ್ ಹೇಳುವ ತನಕ ಓಡುತ್ತಲೇ ಇರಿ. ಪಾದ ಬಿಗಿಹಿಡಿಯುವ ಶೂ ಬೇಕು, ಚಪ್ಪಲಿ ಬೇಡ. ತಳ್ಳಿಕೊಡಲು ಬರುವ ಸಹಾಯಕನ ಕೈಯನ್ನಾಗಲಿ ಬಟ್ಟೆಯನ್ನಾಗಲಿ ಹಿಡಿಯಬೇಡಿ. 2022ರ ಮಾರ್ಚ್‌ನಲ್ಲಿ ಇದೇ ಬಿಲ್ಲಿಂಗ್‌ನಲ್ಲಿ ಟೇಕಾಫ್ ವೇಳೆ ಪ್ರವಾಸಿಯೂ ಸಹಾಯಕನೂ ಬಿದ್ದು ಪ್ರಾಣ ಬಿಟ್ಟರು.

ದುಡ್ಡಿನ ವಿಷಯ. ಪೈಲಟ್ ಜೊತೆ ಒಂದೇ ಗ್ಲೈಡರ್‌ನಲ್ಲಿ ಹಾರುವ ಟ್ಯಾಂಡೆಮ್ ಹಾರಾಟಕ್ಕೆ, ಮೇಲೆ ಹೋಗುವ ಜೀಪೂ ಸೇರಿ, ಸಾಮಾನ್ಯವಾಗಿ 2500ರಿಂದ 3500 ರೂಪಾಯಿ ಕೇಳುತ್ತಾರೆ, ವಿಡಿಯೋಗೆ ಬೇರೆ. ಅದಕ್ಕಿಂತ ತೀರ ಕಮ್ಮಿ ಹೇಳಿದರೆ ಎಲ್ಲಿ ಉಳಿಸುತ್ತಿದ್ದಾರೆ ಎಂದು ಯೋಚಿಸಿ. ಆನ್‌ಲೈನ್‌ನಲ್ಲಿ ತೋರಿಸಿದ ಪೈಲಟ್ ಒಬ್ಬ, ಮೇಲೆ ಸಿಗುವವನು ಇನ್ನೊಬ್ಬ ಎಂಬ ದೂರು ಮಾಮೂಲಿ. ಹಿಮಾಚಲದಲ್ಲಿ ಟ್ಯಾಂಡೆಮ್ ಪೈಲಟ್ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿ ಲೈಸೆನ್ಸ್ ಪಡೆದಿರಬೇಕು. ಕಾರ್ಡ್ ಕೇಳಿ, ಫೋಟೋವನ್ನೂ ಮುಖವನ್ನೂ ಹೋಲಿಸಿ, ಟ್ಯಾಂಡೆಮ್ ಎಂದು ಬರೆದಿದೆಯೇ ನೋಡಿ. ರಿಸರ್ವ್ ಪ್ಯಾರಾಚೂಟ್ ಎಲ್ಲಿದೆ, ಕೊನೆಗೆ ಯಾವಾಗ ಮಡಚಿದ್ದು ಎಂದೂ ಕೇಳಿ. ಆರು ತಿಂಗಳಿಗೊಮ್ಮೆಯಾದರೂ ಬಿಚ್ಚಿ ಮಡಚದಿದ್ದರೆ ಬೇಕಾದಾಗ ಅದು ಸಲೀಸಾಗಿ ತೆರೆದುಕೊಳ್ಳದಿರಬಹುದು. ತೂಕ 90 ಕಿಲೋ ದಾಟಿದ್ದರೆ ಬುಕ್ ಮಾಡುವಾಗಲೇ ಹೇಳಿ. ಪ್ರತಿ ಗ್ಲೈಡರ್‌ಗೂ ಹೊರುವ ಭಾರದ ಮಿತಿ ಇರುತ್ತದೆ. ಪೈಲಟ್‌ನ ಎರಡೂ ಕೈ ಬ್ರೇಕ್ ಮೇಲಿರಬೇಕು, ಅವನು ಕ್ಯಾಮೆರಾ ಹಿಡಿಯುವುದು ಬೇಡವೆಂದು ಮೊದಲೇ ತಿಳಿಸಿ.

ಇಷ್ಟೆಲ್ಲ ಕೇಳಲು, ಬೇಡವೆನ್ನಿಸಿದರೆ ಇಳಿದು ಬರಲು ಸಮಯ ಬೇಕು. ಕನಿಷ್ಠ ನಾಲ್ಕು ದಿನ ಇಟ್ಟುಕೊಳ್ಳಿ. ಹಾರಲಾಗದ ದಿನ ವ್ಯರ್ಥವಾಗುವ ಊರು ಇದಲ್ಲ. ಬೈಲಕುಪ್ಪೆಯ ಚಿನ್ನದ ದೇವಾಲಯ ನೋಡಿದವರಿಗೆ ಬೀರ್‌ನ ಚೌಗಾನ್‌ನಲ್ಲಿರುವ ಟಿಬೆಟನ್ ಕಾಲೊನಿ ಪರಿಚಿತವೆನಿಸಬಹುದು, ಆದರೆ ಇಲ್ಲಿನ ಸೊಗಸು ಬೇರೆ. ಕಾಲೊನಿಯೊಳಗೇ ಚೋಕ್ಲಿಂಗ್ ಮಠವಿದೆ, ಬೌದ್ಧ ಅಧ್ಯಯನದ ಡಿಯರ್ ಪಾರ್ಕ್ ಸಂಸ್ಥೆಯಿದೆ. ಪೈನ್ ಕಾಡಿನ ನಡುವೆ ಟಿಬೆಟನ್ ಬೌದ್ಧ ಗುರು ತೈ ಸಿತು ರಿನ್‌ಪೋಚೆಯವರ ಪೀಠವಾದ ಪಾಲ್ಪುಂಗ್ ಶೆರಾಬ್‌ಲಿಂಗ್ ಮಠ ಇದೆ. ಅಲ್ಲಿನ ಭಿಕ್ಷುಗಳ ಮಂತ್ರಪಠಣಕ್ಕೆ 2004ರಲ್ಲಿ ಗ್ರ್ಯಾಮಿ ಬಂದಿತ್ತು. ಪ್ಯಾಕೇಜ್‌ನವರು ಇದನ್ನೆಲ್ಲ ಗಂಟೆಯಲ್ಲಿ ಮುಗಿಸಿ, ಪೂಜೆಯ ಮಧ್ಯೆ ಇಪ್ಪತ್ತು ಜನರನ್ನು ಫೋಟೋಗೆ ನುಗ್ಗಿಸುತ್ತಾರೆ. ಅದರಿಂದ ಭಿಕ್ಷುಗಳಿಗೂ ನೋವು, ಬಂದವರಿಗೂ ಏನೂ ದಕ್ಕುವುದಿಲ್ಲ. ಶೂ ಹೊರಗೆ ಬಿಡಿ, ಸ್ತೂಪವನ್ನೂ ಪ್ರಾರ್ಥನಾಚಕ್ರವನ್ನೂ ಬಲಕ್ಕಿಟ್ಟುಕೊಂಡೇ ಸುತ್ತು ಬನ್ನಿ, ಗ್ರಂಥಗಳನ್ನು ದಾಟಬೇಡಿ, ಫೋಟೋಗೆ ಮೊದಲು ಕೇಳಿ.

ಅಂಗಡಿಗಳಲ್ಲಿ ಥಾಂಕಾ (ಬಟ್ಟೆಯ ಮೇಲೆ ಬರೆದ ಬೌದ್ಧ ಚಿತ್ರ) ಕೊಳ್ಳುವಾಗಲೂ ಅವಸರ ಬೇಡ. ಕೈಯಲ್ಲಿ ಬರೆದದ್ದೆಂದು ಮುದ್ರಿತ ಚಿತ್ರ ಮಾರುವವರಿದ್ದಾರೆ. ಫೋನ್ ಕ್ಯಾಮೆರಾ ಹತ್ತಿರ ಹಿಡಿದು ದೊಡ್ಡದು ಮಾಡಿ ನೋಡಿ: ಸಣ್ಣ ಚುಕ್ಕಿಗಳ ಸಾಲು ಕಂಡರೆ ಅದು ಮುದ್ರಣ.

ಹೊರಡುವ ಮುನ್ನ ವಿಮೆಯ ಷರತ್ತು ಓದಿ. ಎಷ್ಟೋ ಪಾಲಿಸಿಗಳು ಸಾಹಸ ಕ್ರೀಡೆಯ ಗಾಯಕ್ಕೆ ಹಣ ಕೊಡುವುದಿಲ್ಲ. ಬೀರ್‌ನಲ್ಲಿ ದೊಡ್ಡ ಆಸ್ಪತ್ರೆ ಇಲ್ಲ. ಹತ್ತಿರದ್ದು ಬೈಜನಾಥ್, ಗಂಭೀರವಾದರೆ ಟಾಂಡಾದ ಸರ್ಕಾರಿ ವೈದ್ಯಕೀಯ ಕಾಲೇಜು, ಅದೂ ಘಾಟಿ ರಸ್ತೆಯಲ್ಲಿ. ಕೋಣೆ ಮಾತ್ರ ಮುಂಗಡ ಬುಕ್ ಮಾಡಿ. ಹಾರಾಟದ ದುಡ್ಡನ್ನು ಪೈಲಟ್‌ನನ್ನೂ ಆ ದಿನದ ಗಾಳಿಯನ್ನೂ ನೋಡಿದ ಮೇಲೆ ಕೊಡಿ.